ನಿಲ್ಲುವ ಜಾಗ ಕಲಿಸಿದ ಉಸ್ತಾದರು

ಅವರ ಮುಂದಿನ ಹಲ್ಲಿನ ತುದಿಯಲ್ಲಿ ಸಣ್ಣದೊಂದು ಕಚ್ಚು ಬಿದ್ದಿತ್ತು. ನಲವತ್ತು ವರ್ಷ ವೈರಿನ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದು ಆದ ಕಚ್ಚು. ಇಕ್ಕಳ ಕಾಲ ಬುಡದಲ್ಲೇ ಇರುತ್ತಿತ್ತು, ಆದರೂ ವೈರು ಮೊದಲು ಬಾಯಿಗೆ ಹೋಗುತ್ತಿತ್ತು. ಸರಕ್ಕನೆ ಎಳೆದು, ಕೆಂಪು ಸಿಪ್ಪೆಯನ್ನು ಪಕ್ಕಕ್ಕೆ ಉಗುಳಿ, ತಾಮ್ರದ ಎಳೆಗಳನ್ನು ಹೊಸೆಯುತ್ತ ಮಾತು ಮುಂದುವರಿಸುತ್ತಿದ್ದರು. ನಕ್ಕಾಗಲೆಲ್ಲ ಆ ಕಚ್ಚು ಕಾಣುತ್ತಿತ್ತು, ಆದರೆ ಅವರು ನಗುತ್ತಿದ್ದುದು ಕಡಿಮೆ.

ಇಳಕಲ್ಲಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಕಾರು, ಲಾರಿಗಳ ವೈರಿಂಗ್ ಕೆಲಸ. ಗ್ರಾನೈಟ್ ಸಾಗಿಸುವ ಲಾರಿಗಳಿಗೆ ಟೇಪ್‌ರೆಕಾರ್ಡರ್ ಕೂರಿಸುತ್ತಿದ್ದವರು, ಕಾಲ ಬದಲಾದಂತೆ ತಾವೂ ಕಲಿಯುತ್ತ, ದೊಡ್ಡ ದೊಡ್ಡ ಪರದೆಗಳನ್ನು ಬಿಚ್ಚಿ ರಿಪೇರಿ ಮಾಡುವ ತನಕ ಬಂದಿದ್ದರು. ಊರಿಗೆಲ್ಲ ಅವರು ಉಸ್ತಾದರು, ನನಗೂ ಅಷ್ಟೇ.

ನಾನು ಅಂಜುಬುರುಕಿ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಖಾಸಗಿ ಲ್ಯಾಬಿನಲ್ಲಿ ದಿನಕ್ಕೆ ಮೂವತ್ತು ನಲವತ್ತು ಜನರ ರಕ್ತ ತೆಗೆಯುತ್ತೇನೆ, ಆಗ ಕೈ ನಡುಗುವುದಿಲ್ಲ. ಸ್ಟೇರಿಂಗ್ ಮುಂದೆ ಕೂತರೆ ಮಾತ್ರ ಬಾಯಿ ಒಣಗುತ್ತದೆ, ಅಂಗೈ ಒದ್ದೆಯಾಗುತ್ತದೆ. ಲೈಸೆನ್ಸ್ ಯಾವಾಗಲೋ ಮಾಡಿಸಿದ್ದೆ, ಅದು ಬೀರುವಿನಲ್ಲಿ ಸೀರೆಗಳ ಕೆಳಗೆ ಇತ್ತು. ಕಾರು ನಮ್ಮವರದು. ಹುನಗುಂದದ ಹೈಸ್ಕೂಲಿನಲ್ಲಿ ಅವರು ಗಣಿತದ ಮಾಸ್ತರು. ಪರದೆ ದೊಡ್ಡದಿದೆ ಅನ್ನುವ ಒಂದೇ ಕಾರಣಕ್ಕೆ ಆ ಗಾಡಿ ಆರಿಸಿದ್ದರು. ಗಾಡಿಯೊಳಗೇ ಕೂರಿಸಿದ ಮ್ಯಾಪು ಒಂದು, ತಮ್ಮ ಫೋನನ್ನು ಜೋಡಿಸಿದರೆ ಅದೇ ಪರದೆಯಲ್ಲಿ ಮೂಡುವ ಮ್ಯಾಪು ಇನ್ನೊಂದು. ಇದು ಚಲೋ, ಅದು ಚಲೋ ಎಂದು ಸ್ಟಾಫ್ ರೂಮಿನಲ್ಲಿ ವಾದವಂತೆ. ನಮ್ಮವರು ಫೋನಿನ ಪಾರ್ಟಿ.

ಒಂದು ಮುಂಜಾನೆ ನನ್ನನ್ನೂ ಕರೆದುಕೊಂಡು ಹುನಗುಂದಕ್ಕೆ ಹೊರಟಿದ್ದರು. ಗಾಡಿ ಓಡಿಸುತ್ತ ಮಾತಾಡುತ್ತಿದ್ದವರು ನಡುವೆಯೇ ಮಾತು ನಿಲ್ಲಿಸಿದರು. ಎಡಗೈ ಅಂಗಿಯ ಗುಂಡಿಯನ್ನು ತಿರುವತೊಡಗಿತು. ತುಟಿ ಏನೋ ಮೆಲ್ಲುವಂತೆ ಆಡಿತು. ಆಮೇಲೆ ಮೈಯೆಲ್ಲ ಸೆಟೆದು ಕಾಲು ಆಕ್ಸಿಲರೇಟರಿನ ಮೇಲೆಯೇ ಬಿಗಿಯಿತು. ಗಾಡಿ ರಸ್ತೆ ಬಿಟ್ಟು ತೊಗರಿ ಹೊಲಕ್ಕೆ ನುಗ್ಗಿ, ಬದುವಿಗೆ ಬಡಿದು ನಿಂತಿತು. ನಾನು ಕೂಗುತ್ತಿದ್ದೆ. ಪರದೆಯಿಂದ ಹೆಣ್ಣುದನಿ ಮಾತ್ರ ಸಮಾಧಾನದಿಂದ, "ಮುಂದೆ ಯು-ಟರ್ನ್ ತೆಗೆದುಕೊಳ್ಳಿ," ಎನ್ನುತ್ತಿತ್ತು.

ಹೊಲದಲ್ಲಿದ್ದವರು ಓಡಿ ಬಂದರು. "ಫೀಟ್ಸ್ ಬಂದಾವ, ಕೈಯಾಗ ಕಬ್ಬಿಣ ಕೊಡ್ರಿ! ಗಾಡಿ ಕೀಲಿ ಕೊಡ್ರಿ!" ಎಂದು ಕೂಗಿದರು. ಈ ಗಾಡಿಗೆ ಕೀಲಿ ಎಲ್ಲಿಂದ ತರಲಿ? ಗುಂಡಿ ಒತ್ತಿದರೆ ಶುರುವಾಗುವ ಗಾಡಿ, ಕೀಲಿ ಎಂದರೆ ಪ್ಲಾಸ್ಟಿಕ್ ತುಂಡು. ಒಬ್ಬ ಪುಣ್ಯಾತ್ಮ ತನ್ನ ಕುಡಗೋಲನ್ನೇ ತಂದು ಅವರ ಮುಷ್ಟಿಯಲ್ಲಿಟ್ಟ. ಒಳ್ಳೆಯದಕ್ಕೇ ಇಟ್ಟದ್ದು. ಅವರು ಬಿಗಿಯಾಗಿ ಹಿಡಿದರು. ಅಂಗೈಗೆ ಏಳು ಹೊಲಿಗೆ ಬಿದ್ದವು.

ಬಾಗಲಕೋಟೆಯ ನರರೋಗದ ಡಾಕ್ಟರು ಎರಡು ಮಾತು ಹೇಳಿದರು. ಇನ್ನು ಇವರು ಗಾಡಿ ಮುಟ್ಟಬಾರದು. ಗುಳಿಗೆ ಹೊಂದುವ ತನಕ ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಮೊದಲ ತಿಂಗಳು ಬಸ್ಸಿನಲ್ಲಿ ಹೋದೆವು. ತುಂಬಿದ ಬಸ್ಸಿನಲ್ಲಿ ಮತ್ತೆ ಬಂತು. ಜನರ ಕಾಲುಗಳ ನಡುವೆ ಬಿದ್ದು ಒದ್ದಾಡಿದರು. ಎಚ್ಚರಾದ ಮೇಲೆ ಅವರು ಹೇಳಿದ್ದು ಇಷ್ಟೇ: "ನಾ ಇನ್ನ ಬಸ್ ಹತ್ತೂದಿಲ್ಲ. ಸತ್ರೂ ಮನ್ಯಾಗ ಸಾಯ್ತೇನಿ." ದವಾಖಾನೆಗೆ ಹೋಗದಿದ್ದರೆ ಗುಳಿಗೆ ಬದಲಾಗುವುದಿಲ್ಲ, ಗುಳಿಗೆ ಬದಲಾಗದಿದ್ದರೆ ಅದು ನಿಲ್ಲುವುದಿಲ್ಲ. ಉಳಿದದ್ದು ಕಾರು, ಕಾರಿಗೆ ನಾನು.

ಉಸ್ತಾದರ ಬಳಿ ನಾನು ಹೋದದ್ದು ಗಾಡಿ ಕಲಿಯಲು ಅಲ್ಲ. ಆ ಪರದೆಯನ್ನು ಕಿತ್ತು ಹಾಕಿಸಲು. ಆ ಹೆಣ್ಣುದನಿ ನನ್ನ ಕನಸಿನಲ್ಲೂ ಯು-ಟರ್ನ್ ತೆಗೆದುಕೊಳ್ಳಿ ಎನ್ನುತ್ತಿತ್ತು.

"ಇದನ್ನ ಕಿತ್ತ ಒಗೀರಿ ಉಸ್ತಾದ್ರ."

ಅವರು ಒಳಗೆ ಕೂತು, ಪರದೆಯ ಅಂಚನ್ನು ಬೆರಳಿನಿಂದ ತಟ್ಟಿ ನೋಡಿದರು. "ಹಳೇ ಟೇಪಾಗಿದ್ರ ಕಿತ್ತ ಕೊಡ್ತಿದ್ದೆ ತಂಗಿ. ಇದರಾಗ ಎಸಿ ಐತಿ, ಹಿಂದಿನ ಕ್ಯಾಮೆರಾ ಐತಿ, ಎಲ್ಲಾ ಇದರಾಗ ಐತಿ. ಈಗಿನ ಗಾಡಿಗೆ ಇದು ಕರುಳಿದ್ದಂಗ. ಬಾಯಿ ಮುಚ್ಚಸಬಹುದು, ಕೀಳಾಕ ಬರೂದಿಲ್ಲ." ಆಮೇಲೆ ಕೇಳಿದರು, "ಗಾಡಿ ಯಾರು ಹೊಡೀತಾರ?"

"ಯಾರೂ ಇಲ್ರಿ."

"ಮತ್ತ ಇಲ್ಲೀತನಕ ಹೆಂಗ ಬಂತು?"

"ನಾನ ತಂದೇನ್ರಿ. ಫಸ್ಟ್ ಗೇರಿನಾಗ."

ಮನೆಯಿಂದ ಅಂಗಡಿಗೆ ಒಂದೂವರೆ ಕಿಲೋಮೀಟರು. ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ಉಸ್ತಾದರು ನಗಲಿಲ್ಲ. "ಹೆದರಿಕಿ ಐತಿ ಅಂದ್ರ ಕಲೀತಿ. ಹೆದರಿಕಿ ಇಲ್ಲದವರಿಗೆ ನಾ ಏನೂ ಕಲಿಸೂದಿಲ್ಲ," ಎಂದರು.

ಅವರಿಗೇ ಒಂದು ಹೆದರಿಕೆ ಇತ್ತು ಎನ್ನುವುದು ನನಗೆ ಗೊತ್ತಾದದ್ದು ಆಮೇಲೆ. ವರ್ಷಗಳ ಹಿಂದೆ ಕಲ್ಲಿನ ಲಾರಿಯ ಡ್ರೈವರನೊಬ್ಬ ಹಟ ಹಿಡಿದು ಮುಂದುಗಡೆ ಪುಟ್ಟ ಟಿವಿ ಕೂರಿಸಿಕೊಂಡಿದ್ದ. ಎಂಟು ದಿನಕ್ಕೆ ಕ್ವಾರಿಯ ತಿರುವಿನಲ್ಲಿ ಲಾರಿ ಕೆಳಗೆ ಬಿತ್ತು. ಅವನು ಟಿವಿ ನೋಡುತ್ತಿದ್ದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. "ಆದ್ರ ಹಚ್ಚಿದ್ದು ನನ್ನ ಕೈ," ಎನ್ನುತ್ತಿದ್ದರು ಉಸ್ತಾದರು. ಅಂದಿನಿಂದ ಯಾರಿಗೇ ಪರದೆ ಕೂರಿಸಿದರೂ ಮೊದಲ ಸುತ್ತು ತಾವೇ ಪಕ್ಕದಲ್ಲಿ ಕೂತು, ಹೆಗಲ ಮೇಲಿನ ಟವೆಲನ್ನು ಪರದೆಗೆ ಹೊದಿಸಿ, ಓಡಿಸಲು ಹೇಳುತ್ತಿದ್ದರು. ಟವೆಲ್ ಇದ್ದಾಗ ಓಡಿಸಲು ಬಾರದವನಿಗೆ ಪರದೆ ಇಲ್ಲ, ಗಾಡಿ ಒಯ್ಯಿ ಎನ್ನುತ್ತಿದ್ದರು. ಹಾಗೆ ಎಷ್ಟೋ ಗಿರಾಕಿಗಳನ್ನು ಕಳೆದುಕೊಂಡರು.

ನನಗೂ ಟವೆಲ್ ಹೊದಿಸಿದರು. ಪ್ರತಿ ಆದಿತ್ಯವಾರ ಮುಂಜಾನೆ ಅವರು ನನ್ನ ಪಕ್ಕ, ನಮ್ಮವರು ಹಿಂದೆ. ತಿಂಗಳಿಗೊಮ್ಮೆ ಡಾಕ್ಟರ ಬಳಿ ಹೋಗುವ ದಿನವೂ ಹಾಗೆಯೇ. ಹೊರಡುವ ಮೊದಲು ದಾರಿಯನ್ನು ಬಾಯಲ್ಲಿ ಹೇಳಬೇಕು. ಮೊದಲ ದಿನ ನಾನು, "ಹುನಗುಂದ, ಅಮೀನಗಡ, ಕಮತಗಿ, ಶಿರೂರ, ಬಾಗಲಕೋಟಿ," ಎಂದು ಮಗ್ಗಿ ಒಪ್ಪಿಸಿದೆ.

"ಇದು ಬಸ್ಸಿನ ಬೋರ್ಡ್. ನಾ ಕೇಳಿದ್ದು ಇದಲ್ಲ. ಇವರಿಗೆ ಬಂದ್ರ ಎಲ್ಲಿ ನಿಲ್ಲಸ್ತಿ?"

 ನಿಜ ಹೇಳಬೇಕೆಂದರೆ ಆ ಪ್ರಶ್ನೆಯ ಹತ್ತಿರ ಹೋಗಲೂ ನನಗೆ ಭಯವಿತ್ತು. ಬರದಿದ್ದರೆ ಸಾಕು ದೇವರೇ ಎನ್ನುವುದೊಂದೇ ನನ್ನ ತಯಾರಿ.

"ಮ್ಯಾಪು ಹೋಗೂ ದಾರಿ ತೋರಸ್ತೈತಿ. ಗಾಡ್ಯಾಗಿಂದು ಇರಲಿ, ಫೋನಿಂದು ಇರಲಿ, ನಿಲ್ಲೂ ಜಾಗ ತೋರಸೂದಿಲ್ಲ. ಅದನ್ನ ನಾವ ಮಾಡ್ಕೋಬೇಕು," ಎಂದರು.

ಹಾಗೆ ಶುರುವಾಯಿತು. ರಸ್ತೆಯ ಅಂಚು ಎಲ್ಲಿ ಅಗಲವಿದೆ, ಎಲ್ಲಿ ನೆರಳಿದೆ, ಎಲ್ಲಿ ಜನ ಇರುತ್ತಾರೆ ನೋಡುತ್ತ ನಿಧಾನಕ್ಕೆ ಹೋಗುವುದು. ಹುನಗುಂದ ದಾಟಿದ ಮೇಲಿನ ಪೆಟ್ರೋಲ್ ಪಂಪು. ಅಮೀನಗಡದ ಕರದಂಟಿನ ಅಂಗಡಿ. ಕಮತಗಿ ಹೊರಗೆ ಪಂಕ್ಚರ್ ತಿದ್ದುವವನ ಚಪ್ಪರ. ಶಿರೂರಿಗೆ ಮುಂಚೆ ರಸ್ತೆ ಮಗ್ಗುಲಲ್ಲೇ ಕುರುಬರ ಅಜ್ಜಿಯೊಬ್ಬಳ ಹೊಲದ ಮನೆ, ಬಾಗಿಲ ಮುಂದೆ ಬೇವಿನ ಮರ. ಪ್ರತಿ ಕಡೆ ಗಾಡಿ ನಿಲ್ಲಿಸಿ ಇಳಿಯಬೇಕು. ಇಳಿದು ಉಸ್ತಾದರು ನಾಚಿಕೆಯಿಲ್ಲದೆ ಹೇಳುತ್ತಿದ್ದರು, "ಈಕಿ ನಮ್ಮ ತಂಗಿ. ಗಂಡಗ ಫೀಟ್ಸ್ ಬರ್ತಾವ. ಈ ಗಾಡಿ ಇಲ್ಲಿ ನಿಂತ್ರ ಓಡಿ ಬರ್ರಿ. ಕೈಯಾಗ ಕಬ್ಬಿಣ ಕೊಡಬ್ಯಾಡ್ರಿ, ಬಾಯಾಗ ನೀರ ಹಾಕಬ್ಯಾಡ್ರಿ, ಮಗ್ಗಲಾ ಮಲಗಸ್ರಿ."

ಕಬ್ಬಿಣ ಬೇಡ ಎನ್ನುವುದನ್ನು ಡಾಕ್ಟರು ನನಗೆ, ನಾನು ಉಸ್ತಾದರಿಗೆ ಹೇಳಿದ್ದು. ಮೊದಲು ಅವರೂ ನಂಬಿರಲಿಲ್ಲ. ನಮ್ಮವರ ಅಂಗೈಯ ಗಾಯ ನೋಡಿದ ಮೇಲೆ ನಂಬಿದರು.

ಎರಡನೇ ಜಾಗದಲ್ಲೇ ನನಗೆ ಸಿಟ್ಟು ಬಂತು. ನಮ್ಮ ಅತ್ತೆಯ ಮನೆಯವರಿಗೂ ಹೇಳದೆ ಮುಚ್ಚಿಟ್ಟ ವಿಷಯ ಅದು. ಮಾಸ್ತರಿಗೆ ಫೀಟ್ಸ್ ಎಂದರೆ ಸಾಲೆಯಲ್ಲಿ ಯಾರು ಏನೆನ್ನುತ್ತಾರೋ ಎಂಬ ಅಂಜಿಕೆ. "ಊರಿಗೆಲ್ಲಾ ಡಂಗುರ ಹೊಡೀತೀರೇನ್ರಿ ಉಸ್ತಾದ್ರ?" ಎಂದೆ.

"ಮುಚ್ಚಿಟ್ರ ಓಡಿ ಬರೋರು ಯಾರು?" ಎಂದವರು ಹಿಂದೆ ತಿರುಗಿ ನಮ್ಮವರನ್ನು ನೋಡಿದರು. "ಮಾಸ್ತರ, ನಿಮಗ ಮರ್ಯಾದಿ ಬೇಕೋ, ಜೀವ ಬೇಕೋ?"

ನಮ್ಮವರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಅತ್ತಲೇ ನೋಡುತ್ತ, "ಹೇಳ್ರಿ, ಹೇಳ್ರಿ," ಎಂದರು. ಕುರುಬರ ಅಜ್ಜಿ ಮಾತ್ರ ಎಲ್ಲ ಕೇಳಿ, "ನಮ್ಮ ಬೀರಪ್ಪ ನೋಡ್ಕೋತಾನ ತಗೋ. ಅವನ ಹಿಂದ ನಾನೂ ಓಡಿ ಬರ್ತೇನಿ," ಎಂದು ಮೂವರಿಗೂ ಮಜ್ಜಿಗೆ ಕೊಟ್ಟಳು.

ನಾಲ್ಕು ತಿಂಗಳಾದ ಮೇಲೆ ಟವೆಲ್ ತೆಗೆದರು. ಆಗ ಪರದೆಯ ಪಾಠ. ಬರೀ ಗಾಡಿಯೊಳಗಿನ ಮ್ಯಾಪು ನಂಬಿ ಒಂದು ಸಲ, ಬರೀ ಫೋನಿನದು ನಂಬಿ ಒಂದು ಸಲ ಕರೆದುಕೊಂಡು ಹೋದರು. ಹಳೇ ಬಾಗಲಕೋಟೆಯಲ್ಲಿ ಹಿನ್ನೀರು ನುಂಗಿದ ಒಂದು ರಸ್ತೆಯನ್ನು ಗಾಡಿಯ ಮ್ಯಾಪು ಇನ್ನೂ ರಸ್ತೆ ಎಂದೇ ತಿಳಿದಿತ್ತು. ನೀರಿನ ಅಂಚಿಗೆ ಬಂದು ನಿಂತೆವು, ಅದು ಮುಂದೆ ಹೋಗು ಎನ್ನುತ್ತಲೇ ಇತ್ತು. ಫೋನಿಗೆ ಆ ರಸ್ತೆ ಮುಳುಗಿದ್ದು ಗೊತ್ತಿತ್ತು. ಆದರೆ ಇನ್ನೊಂದು ಸಲ ಬಾದಾಮಿಗೆ ಹೊರಟಾಗ ಪಟ್ಟದಕಲ್ಲು ಇನ್ನೂ ದೂರವಿರುವಾಗಲೇ ನೆಟ್‌ವರ್ಕ್ ಹೋಗಿ, ಫೋನಿನ ಮ್ಯಾಪಿನಲ್ಲಿ ರಸ್ತೆಗಳೆಲ್ಲ ಮಾಯವಾಗಿ ಖಾಲಿ ಬಯಲಿನಲ್ಲಿ ಬಾಣವೊಂದೇ ಉಳಿಯಿತು. ತಗ್ಗಿನಲ್ಲಿ ಗಾಡಿ ಕುಣಿದರೆ ಫೋನಿನ ವೈರು ಸಡಿಲಾಗಿ ಪರದೆಯೇ ಖಾಲಿ. ನವನಗರದ ಸೆಕ್ಟರುಗಳ ನಡುವೆ, ಯಾವ ಕ್ರಾಸು ಎಂದು ನಾನು ಕಣ್ಣು ಕಿರಿದು ಮಾಡಿ ನೋಡುತ್ತಿರುವಾಗಲೇ ಲ್ಯಾಬಿನಿಂದ ಫೋನು ಬಂದು ಮ್ಯಾಪಿನ ಮೇಲೆ ಕೂತುಬಿಟ್ಟಿತು.

"ಹಂಗಾರ ಯಾವುದು ಚಲೋ ಅಂತೀರಿ?" ಎಂದು ನಮ್ಮವರು ಸ್ಟಾಫ್ ರೂಮಿನ ವಾದವನ್ನು ತೆಗೆದರು.

"ಗಾಡ್ಯಾಗಿಂದು ಮನಿ ಭಾವಿ ಇದ್ದಂಗ್ರಿ ಮಾಸ್ತರ. ನೀರು ಹಳೇದು, ಆದ್ರ ಇರ್ತೈತಿ. ಫೋನಿಂದು ನಳದ ನೀರು. ತಾಜಾ, ಖರೆ. ಬಂದ್ರ ಬಂತು. ನಮ್ಮ ಮನ್ಯಾಗ ಎರಡೂ ಅದಾವ. ಎರಡನ್ನೂ ಸೋಸಿ ಕುಡೀತೇವಿ."

ಫೋನಿನ ಕನ್ನಡ ಕೇಳಿದರೆ ಮಾತ್ರ ಅವರಿಗೆ ಹಲ್ಲು ಕಾಣುವಷ್ಟು ನಗು. "ಈಕಿ ಬೆಂಗಳೂರ ಕಡೆ ಹೆಣ್ಣಮಗಳು. ಗಾಡಿ ಹಳ್ಳಕ್ಕ ಬಿದ್ರೂ ಬಹುವಚನದಾಗ ಮಾತಾಡ್ತಾಳ."

ಅವರಿಲ್ಲದೆ ನಾನು ಓಡಿಸಿದ ಮೂರನೇ ಸಲಕ್ಕೇ ಅದು ಬಂತು. ಶಿರೂರು ದಾಟಿ ಇಳಕಲ್ಲಿನ ಕಡೆ ವಾಪಸು ಬರುತ್ತಿದ್ದೆವು. ರಸ್ತೆ ನೋಡುತ್ತಿದ್ದವಳಿಗೆ ಓರೆಗಣ್ಣಿನಲ್ಲಿ ಪಕ್ಕ ಕೂತ ನಮ್ಮವರ ಎಡಗೈ ಕಂಡಿತು. ಗುಂಡಿ ತಿರುವುತ್ತಿತ್ತು.  ಹಿಂದೆ ಲಾರಿ, ಮುಂದೆ ಟ್ರ್ಯಾಕ್ಟರು. ಪರದೆ ಏನು ಹೇಳುತ್ತಿತ್ತೋ ಕಿವಿಗೆ ಬೀಳಲಿಲ್ಲ. ಬೇವಿನ ಮರ ಇನ್ನೂ ಅರ್ಧ ಕಿಲೋಮೀಟರು ಇದೆ ಎಂದು ಮಾತ್ರ ಗೊತ್ತಿತ್ತು. ಇಂಡಿಕೇಟರ್ ಹಾಕಿದೆ, ನಿಧಾನ ಮಾಡಿದೆ, ಅಳುತ್ತಿದ್ದೆ, ಮರದ ಕೆಳಗೆ ನಿಲ್ಲಿಸಿದೆ. ಅಜ್ಜಿ ಸೀರೆ ಎತ್ತಿ ಕಟ್ಟಿಕೊಂಡು ಓಡಿ ಬಂದಳು. ಇಬ್ಬರೂ ಸೇರಿ ಸೀಟು ಹಿಂದಕ್ಕೆ ವಾಲಿಸಿ ಮಗ್ಗುಲಾಗಿ ಮಲಗಿಸಿದೆವು. ಐದು ನಿಮಿಷ ಮೀರಿದರೆ ದವಾಖಾನೆಗೆ ಓಡಬೇಕು ಎಂದಿದ್ದರು ಡಾಕ್ಟರು. ಪರದೆಯ ಮೂಲೆಯ ಗಡಿಯಾರ ನೋಡುತ್ತ ಕೂತೆ. ಎರಡು ನಿಮಿಷಕ್ಕೆ ಮೈ ಸಡಿಲಾಯಿತು. ಅಂಗೈ ಬಿಡಿಸಿ ನೋಡಿದೆ, ಖಾಲಿ ಇತ್ತು.

ಮನೆಗೆ ಬಂದು ಉಸ್ತಾದರಿಗೆ ಫೋನು ಮಾಡಿದೆ. ಎಲ್ಲ ಕೇಳಿ, "ಹೆದರಿಕಿ ಆತೇನು?" ಎಂದರು. "ಭಾಳ ಆತ್ರಿ," ಎಂದೆ. "ಇರಲಿ, ಅದು ಹೋಗಬಾರದು," ಎಂದು ಇಟ್ಟುಬಿಟ್ಟರು.

ಕಳೆದ ವರ್ಷ ಚಳಿಗಾಲದ ಒಂದು ದಿನ. ಬಾಗಲಕೋಟೆಯ ಡಾಕ್ಟರು ಗುಳಿಗೆ ಬದಲಿಸಿ, "ಹೊಸಾ ಗುಳಗಿ ಹೊಂದೂತನಕ ಬರಬಹುದು, ಹುಷಾರಿರಿ," ಎಂದು ಕಳಿಸಿದ್ದರು. ದವಾಖಾನೆಯಲ್ಲಿ ಬಂದ್ ಮಾಡಿಟ್ಟಿದ್ದ ನನ್ನ ಫೋನನ್ನು ಚಾಲೂ ಮಾಡಿ ಗಾಡಿಗೆ ಜೋಡಿಸಿ ಹೊರಟೆ. ಕಮತಗಿ ಹತ್ತಿರ ಬರುವಾಗ ಹನ್ನೆರಡೂಕಾಲು. ಪರದೆಯ ತುಂಬ "ಉಸ್ತಾದ್ರು" ಎಂದು ಮೂಡಿತು. ಸ್ಟೇರಿಂಗಿನ ಗುಂಡಿ ಒತ್ತಿ, "ಹೇಳ್ರಿ ಉಸ್ತಾದ್ರ, ಡಾಕ್ಟರ್ ಕಡೆ ಹೋಗಿ ಬರಾಕತ್ತೇವಿ," ಎಂದೆ.

ಗಾಡಿಯ ನಾಲ್ಕೂ ಸ್ಪೀಕರಿನಿಂದ ಅವರ ಮಗನ ದನಿ ಬಂತು. "ಅಕ್ಕಾರ, ಅಬ್ಬಾ ಹೋದ್ರು. ಬೆಳಿಗ್ಗಿ ಎದೀ ಹಿಡಕೊಂಡು ಕುಂತ್ರು, ಅಷ್ಟ. ಆಗಿಂದ ನಿಮಗ ಫೋನ್ ಹಚ್ಚಾಕತ್ತೇನಿ. ಮಧ್ಯಾನ್ನದ ಜೋಹರ್ ನಮಾಜಿಗೆ ಒಯ್ತೇವಿ. ಒಂದೂಕಾಲಕ್ಕ ಎತ್ತತಾರ. ಮುಖ ನೋಡೂದಿದ್ರ ಜಲ್ದಿ ಬರ್ರಿ."

ಪಂಕ್ಚರ್ ಅಂಗಡಿಯ ಚಪ್ಪರದ ಬಳಿ ನಿಲ್ಲಿಸಿದೆ.  ನಮ್ಮವರು ಪರದೆಯಲ್ಲಿ ಎರಡೂ ಮ್ಯಾಪು ಅದಲು ಬದಲು ಮಾಡಿ ನೋಡಿದರು. ಗಾಡಿಯ ಮ್ಯಾಪು ಒಂದೂ ಹತ್ತಕ್ಕೆ ಮುಟ್ಟುತ್ತೀರಿ ಎಂದಿತು. ಫೋನಿನದು, ಅಮೀನಗಡದಲ್ಲಿ ರಸ್ತೆ ಅಗೆದಿದ್ದಾರೆ, ಗಾಡಿಗಳು ನಿಂತಿವೆ, ಒಂದೂ ನಲವತ್ತು ಆಗುತ್ತದೆ ಎಂದಿತು. ಜೊತೆಗೆ ಹೊಲಗಳ ನಡುವೆ ಹೋಗುವ ಒಳದಾರಿಯೊಂದನ್ನು ತೋರಿಸಿ, ಇಲ್ಲಿಂದ ಹೋದರೆ ಒಂದೂ ಹತ್ತು ಎಂದಿತು.

"ಫೋನ್ ಹೇಳೂದು ಖರೆ ಇರಬೇಕು. ಒಳಗಿನ ದಾರಿ ಹಿಡಿ. ಅವರ ಮುಖ ನೋಡಬೇಕು ನೀ," ಎಂದರು ನಮ್ಮವರು.

ನನಗೂ ನೋಡಬೇಕಿತ್ತು. ಎಷ್ಟು ನೋಡಬೇಕಿತ್ತು ಎನ್ನುವುದನ್ನು ಬರೆಯಲಾರೆ. ಆದರೆ ಆ ಒಳದಾರಿಯಲ್ಲಿ ನನಗೆ ಗೊತ್ತಿದ್ದ ಒಂದು ಮರವಿಲ್ಲ, ಒಂದು ಮನೆಯಿಲ್ಲ. ನೆಟ್‌ವರ್ಕ್ ಇರುತ್ತದೋ ಇಲ್ಲವೋ ಗೊತ್ತಿಲ್ಲ. ಪಕ್ಕದಲ್ಲಿ ಹೊಸ ಗುಳಿಗೆ ನುಂಗಿ ಕೂತ ಮನುಷ್ಯ. ಅವರ ಎಡಗೈ ನೋಡಿದೆ. ಸುಮ್ಮನೆ ತೊಡೆಯ ಮೇಲಿತ್ತು. ಸುಮ್ಮನಿದೆ ಎನ್ನುವುದೂ ನನಗೆ ಭಯವೇ.

ದೊಡ್ಡ ರಸ್ತೆಯನ್ನೇ ಹಿಡಿದೆ. ಅಮೀನಗಡದಲ್ಲಿ ಫೋನು ಹೇಳಿದಂತೆಯೇ ಗಾಡಿಗಳು ನಿಂತಿದ್ದವು. ಮುಂದಿನ ಲಾರಿಯ ಹಿಂಬದಿ ನೋಡುತ್ತ ನಾನು ಕೂತಿದ್ದೆ, ಒಂದೂಕಾಲು ಆದದ್ದನ್ನು ಪರದೆಯಲ್ಲೇ ನೋಡಿದೆ.  ಇಳಕಲ್ ಮುಟ್ಟಿದಾಗ ಎರಡು ಹೊಡೆಯುತ್ತಿತ್ತು. ಓಣಿ ಖಾಲಿ, ಗಂಡಸರೆಲ್ಲ ಖಬರಸ್ಥಾನಕ್ಕೆ ಹೋಗಿದ್ದರು.

ಮರುದಿನ ಲ್ಯಾಬಿಗೆ ಬಂದ ಆ ಕಡೆಯ ಊರಿನವರೊಬ್ಬರನ್ನು ಕೇಳಿದೆ. ಆ ಒಳದಾರಿ ಹೊಸದಾಗಿ ಡಾಂಬರು ಕಂಡಿದೆ, ಕಾರು ಬಿಟ್ಟರೆ ನೀರು ಹರಿದಂತೆ ಹೋಗುತ್ತದೆ ಎಂದರು. ನಮ್ಮವರಿಗೆ ಅಂದು ಏನೂ ಬರಲಿಲ್ಲ. ಹೋಗಿದ್ದರೆ ಮುಖ ಸಿಗುತ್ತಿತ್ತು. ಎರಡು ದಿನ ನನಗೆ ಊಟ ಸೇರಲಿಲ್ಲ.

ಮೂರನೇ ದಿನದ ಜಿಯಾರತ್ ಪ್ರಾರ್ಥನೆಗೆ ಇಬ್ಬರೂ ಹೋದೆವು. ಗಂಡಸರು ಹೊರಗೆ, ನಾನು ಒಳಗೆ ಭಾಬಿಯ ಹತ್ತಿರ. ಉಸ್ತಾದರ ಹೆಂಡತಿಯನ್ನು ನಾನು ಭಾಬಿ ಎನ್ನುತ್ತಿದ್ದೆ. ಅವರ ಕೈ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ಎರಡು ದಾರಿ ಇದ್ದದ್ದು, ಒಂದು ಬಿಟ್ಟದ್ದು, ಬಿಟ್ಟ ದಾರಿಯೇ ಚೆನ್ನಾಗಿದ್ದದ್ದು.

"ಹೆದರಿ ಬಿಟ್ಟೆ ಭಾಬಿ. ಹೆದರಿದ್ದಕ್ಕ ಅವರ ಮುಖ ತಪ್ಪಿಸಿಕೊಂಡೆ."

ಭಾಬಿ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಸೆರಗಿನಿಂದ ನನ್ನ ಕಣ್ಣು ಒರೆಸಿ, ಬಾಗಿಲ ಕಡೆ ತೋರಿಸಿದರು. "ಅವರು ಆದಿತ್ಯವಾರ ಅಂಗಡಿ ಬಿಟ್ಟು ನಿನಗ ಕಲಿಸಿದ್ದು ತಮ್ಮ ಮುಖ ನೋಡಾಕ ಬರಲಿ ಅಂತಲ್ಲ ಬೇಟಾ. ಅಕಾ, ಅಲ್ಲಿ ಕುಂತಾನಲ್ಲ, ಆತನ್ನ ಮನಿಗೆ ಮುಟ್ಟಸ್ಲಿ ಅಂತ."

ಹೊರಗೆ ಚಾಪೆಯ ಮೇಲೆ, ನಾಲ್ಕು ಜನರ ನಡುವೆ, ನಮ್ಮವರು ಕಪ್ಪಿನಿಂದ ಬಸಿಗೆ ಚಹಾ ಸುರುವಿಕೊಂಡು ಊದಿ ಊದಿ ಕುಡಿಯುತ್ತಿದ್ದರು.